ಹಸುವಿಗೆ ಬಯಲು, ಮಗಳಿಗೆ ಕುರ್ಚಿ

ಹುಣಸೇಕೊಪ್ಪಲಿನ ಪ್ರೌಢಶಾಲೆಗೆ ಒಂದೂವರೆ ಎಕರೆ ಮೈದಾನವಿದೆ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಕುಳಿತರೆ ಎಡಗಡೆಗೆ ಕಾಣುತ್ತದೆ. ಅಕ್ಟೋಬರ್ ಕೊನೆಯಿಂದ ಅದು ಹಳದಿ ಬಣ್ಣಕ್ಕೆ ತಿರುಗುತ್ತದೆ. ಊರಿನವರೆಲ್ಲ ಮುಸುಕಿನ ಜೋಳ ಒಣಗಿಸುವುದು ಅಲ್ಲಿಯೇ. ಜೋಳ ಮುಗಿದ ಮೇಲೆ ರಾಗಿ, ರಾಗಿ ಮುಗಿದ ಮೇಲೆ ಹುರುಳಿ. ಆ ತಿಂಗಳುಗಳಲ್ಲಿ ಮೈದಾನದಲ್ಲಿ ಓಡಾಡುವುದು ಕೋಳಿಗಳು ಮತ್ತು ಕೋಳಿ ಓಡಿಸುವ ಮುದುಕಿಯರು ಮಾತ್ರ.

ಯಾಕೆ ಆಡುವುದಿಲ್ಲ ಎಂದು ಮಕ್ಕಳನ್ನು ಕೇಳಿದರೆ, "ಜಾಗ ಎಲ್ಲಿದೆ? ಜೋಳ ಹಾಕಿದ್ದಾರಲ್ಲ" ಎನ್ನುತ್ತಾರೆ. ಯಾಕೆ ಜೋಳ ಹಾಕಿದ್ದೀರಿ ಎಂದು ದೊಡ್ಡವರನ್ನು ಕೇಳಿದರೆ, "ಮಕ್ಳು ಎಲ್ಲಾಡ್ತವೆ? ಸುಮ್ಕೆ ಬಿದ್ದಿರೋ ಜಾಗ" ಎನ್ನುತ್ತಾರೆ. ಎರಡೂ ನಿಜ. ಈ ಎರಡು ನಿಜಗಳ ನಡುವೆ ಎಂಟು ವರ್ಷ ಕಳೆದುಹೋಗಿದೆ. ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬಂದಿಲ್ಲ. ವೇಳಾಪಟ್ಟಿಯಲ್ಲಿ 'ಆಟ' ಎಂದು ಬರೆದಿರುವ ಪೀರಿಯಡ್‌ನಲ್ಲಿ ಗಣಿತ ನಡೆಯುತ್ತದೆ.

ಕಳೆದ ನವೆಂಬರ್‌ನಲ್ಲಿ ಶಾಲೆಯವರು ಎಂಟನೇ ತರಗತಿಯ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದರು. ಮೂವತ್ತೆರಡು ಮಕ್ಕಳು ಬೆಟ್ಟ ಹತ್ತಲು ಶುರು ಮಾಡಿದರು. ಹತ್ತೊಂಬತ್ತು ಮಕ್ಕಳು ತುದಿ ಮುಟ್ಟಿದರು. ಹದಿಮೂರು ಮಕ್ಕಳು ನಡುವೆಯೇ ಅಲ್ಲಲ್ಲಿ ಕುಳಿತರು. ಎಲ್ಲರಿಗಿಂತ ಮೊದಲು ಕುಳಿತವಳು ದೀಪಶ್ರೀ. ನೂರಿಪ್ಪತ್ತು ಮೆಟ್ಟಿಲಿಗೆ ಅವಳಿಗೆ ಏದುಸಿರು ಬಂತು, ಕಣ್ಣು ಕತ್ತಲೆ ಬಂತು, ತಿಂದಿದ್ದ ಪುಳಿಯೋಗರೆ ವಾಂತಿಯಾಯಿತು. ಪಕ್ಕದಲ್ಲೇ ಎಪ್ಪತ್ತು ದಾಟಿದ ಯಾತ್ರಿಕರೊಬ್ಬರು ಕೋಲು ಊರಿಕೊಂಡು ಹತ್ತಿ ಹೋದರು. "ಏನಮ್ಮ, ಹುಷಾರಿಲ್ವಾ?" ಎಂದೂ ಕೇಳಿದರು. ದೀಪಶ್ರೀಗೆ ಹದಿಮೂರು ವರ್ಷ.

ಮನೆಯಲ್ಲಿ ಗಾಬರಿಯಾಯಿತು. ಅಜ್ಜಿ ಕಾಮಾಕ್ಷಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಪ್ಪ ದಿಲೀಪ್ ಮರುದಿನವೇ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಎದೆ ಪರೀಕ್ಷಿಸಿದರು, ಇ.ಸಿ.ಜಿ. ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ಕಾಗದ ನೋಡಿ ಕೇಳಿದರು:

"ಹೃದಯ ಚೆನ್ನಾಗಿದೆ. ರಕ್ತವೂ ಚೆನ್ನಾಗಿದೆ. ಈ ಮಗು ದಿನಕ್ಕೆ ಎಷ್ಟು ಹೊತ್ತು ಓಡಾಡುತ್ತೆ?"

"ಓಡಾಡಾದ್ಯಾಕೆ ಸಾ? ಸ್ಕೂಲಿಗೆ ನಾನೇ ಬೈಕಲ್ ಬಿಡ್ತೀನಿ, ಟ್ಯೂಷನ್‌ಗೂ ನಾನೇ ಬಿಡ್ತೀನಿ."

"ಸ್ಕೂಲು ಎಷ್ಟು ದೂರ?"

"ಆರ್ನೂರ್ ಮೀಟ್ರು."

ಡಾಕ್ಟರು ಔಷಧಿ ಬರೆಯಲಿಲ್ಲ. ದಿನಕ್ಕೆ ಒಂದು ಗಂಟೆ ಮೈ ಬೆವರುವಂತೆ ಆಡಲಿ, ನಿಧಾನವಾಗಿ ಶುರು ಮಾಡಲಿ ಎಂದು ಹೇಳಿ ಕಳಿಸಿದರು. ದಿಲೀಪ್‌ಗೆ ಸಿಟ್ಟು ಬಂತು. ಒಂದು ದಿನ ಪೂರ್ತಿ ಹಾಳಾಗಿದೆ, ಕೈಯಲ್ಲಿ ಒಂದು ಮಾತ್ರೆಯೂ ಇಲ್ಲ. ಬರುವಾಗ ಮೆಡಿಕಲ್ ಸ್ಟೋರಿನಲ್ಲಿ ಹಾಲಿಗೆ ಹಾಕುವ ಶಕ್ತಿ ಪುಡಿಯ ದೊಡ್ಡ ಡಬ್ಬ ತಂದ. ಮಗಳು ಅದನ್ನು ಕುಡಿದು ಕುರ್ಚಿಯಲ್ಲಿ ಕುಳಿತು ಓದಿದಳು.

ವಾರ ಕಳೆದ ಮೇಲೆ ಶಾಂತಿ ಆ ಮನೆಗೆ ಬಂದಳು.

ಶಾಂತಿ ಈ ಊರಿನ ಆಶಾ ಕಾರ್ಯಕರ್ತೆ. ತವರು ರುದ್ರಪಟ್ಟಣದ ಕಡೆ. ಪಿಯುಸಿ ಓದುವಾಗ ಖೋ ಖೋ ಆಡಿ ವಿಭಾಗ ಮಟ್ಟದವರೆಗೆ ಹೋಗಿದ್ದವಳು. ಮದುವೆಯಾದ ಮೇಲೆ ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಮೂವತ್ತಾರು ವರ್ಷ, ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಬಾಣಂತಿಯರ ಮನೆ, ಬಿ.ಪಿ. ಇರುವವರ ಮನೆ, ಲಸಿಕೆ ತಪ್ಪಿಸಿಕೊಂಡ ಮಕ್ಕಳ ಮನೆ, ಎಲ್ಲವೂ ಅವಳಿಗೆ ಗೊತ್ತು. ಯಾರ ಮನೆಯಲ್ಲಿ ಯಾರು ಸುಳ್ಳು ಹೇಳುತ್ತಾರೆ ಎನ್ನುವುದೂ ಗೊತ್ತು.

"ಬಾ ಮಗ ಶಾಂತಿ, ಕುಂತ್ಕೊ," ಎಂದು ಜಗಲಿಯಲ್ಲಿದ್ದ ಕಾಮಾಕ್ಷಮ್ಮ ಕರೆದರು. "ನೋಡು, ನನ್ ಮೊಮ್ಮಗೀಗೆ ಏನೋ ಆಗ್ಬುಟ್ಟೈತೆ. ಆಸನದ್ ಡಾಕ್ಟ್ರಿಗೂ ಗೊತ್ತಾಗ್ನಿಲ್ಲ."

ಶಾಂತಿ ಆಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ನೋಡಿದಳು.

"ಡಾಕ್ಟ್ರಿಗೆ ಗೊತ್ತಾಗೈತೆ ದೊಡ್ಡವ್ವ. ಅವ್ರು ಯೋಳಿದ್ದು ನಿಮಗೆ ಇಡಿಸ್ಲಿಲ್ಲ ಅಷ್ಟೆ. ಇವ್ಳಿಗೆ ಕಾಯ್ಲೆ ಇಲ್ಲ. ಕುಂತು ಕುಂತು ಕಸುವು ಓಗೈತೆ."

"ಕುಂತ್ರೆ ಕಸುವು ಓಯ್ತದಾ? ದುಡುದ್ರೆ ಓಯ್ತದೆ! ನಾನು ಒಂಬತ್ನೇ ವರ್ಸಕ್ಕೆ ಗದ್ದೆಗೆ ಇಳ್ದೋಳು. ಈ ಮಗ ಅಂಗಾಗ್ಬಾರ್ದು ಅಂತ್ಲೇ ಇವ್ಳ ಕೈಲಿ ಒಂದ್ ಚೊಂಬು ನೀರೂ ಎತ್ಸಿಲ್ಲ ಕಣೆ."

ಇದು ಪ್ರೀತಿಯೇ, ಅನುಮಾನವಿಲ್ಲ. ಆದರೆ ಪ್ರೀತಿಯಿಂದ ಮಾಡಿದ ತಪ್ಪೂ ತಪ್ಪೇ.

ಶಾಂತಿ ಬೆರಳು ಮಡಚಿ ಎಣಿಸಿದಳು. "ಸ್ಕೂಲಲ್ಲಿ ಏಳು ಗಂಟೆ ಕುಂತಿರ್ತಾಳೆ. ಟ್ಯೂಷನ್ ಎರಡು. ಮನೇಲಿ ಬರ್ಯಾದು ಒಂದೂವರೆ. ಮೊಬೈಲು ಎಷ್ಟೊತ್ತೇ ದೀಪು, ನಿಜ ಯೋಳು."

"ಒಂದು ಗಂಟೆ ಆಂಟಿ," ಎಂದಳು ದೀಪಶ್ರೀ ಒಳಗಿನಿಂದ.

"ಅಂದ್ರೆ ಎರಡು. ಹನ್ನೆರಡೂವರೆ ಗಂಟೆ ಈ ಮಗ ಕುಂಡಿ ಊರ್ಕಂಡಿರ್ತದೆ ದೊಡ್ಡವ್ವ. ಎಂಟು ಗಂಟೆ ನಿದ್ದೆ. ನೀವು ಒಂಬತ್ನೇ ವರ್ಸದಲ್ಲಿ ಇಷ್ಟ್ ಕುಂತಿದ್ರಾ?"

"ಅಯ್ಯೋ, ಮಾತ್ ನೋಡು ಇವ್ಳದು!" ಎಂದು ಕಾಮಾಕ್ಷಮ್ಮ ನಕ್ಕರು.

ಶಾಂತಿ ನಗಲಿಲ್ಲ. "ಐದು ವರ್ಸದಿಂದ ಹದಿನೇಳು ವರ್ಸದ ತಂಕ ಮಕ್ಳು ದಿನಾ ಅರವತ್ತು ನಿಮಿಷ ಮೈ ದಣಿಯಂಗೆ ಆಡ್ಬೇಕು. ಗಂಡ್ ಮಕ್ಳೂ ಅಷ್ಟೆ, ಎಣ್ ಮಕ್ಳೂ ಅಷ್ಟೆ. ಮೂಳೆ ಗಟ್ಟಿಯಾಗಾದು, ಎದೆ ಗಟ್ಟಿಯಾಗಾದು ಈ ವಯಸ್ಸಲ್ಲೇ. ಈಗ ಕುಂತೋರು ಮೂವತ್ತೈದಕ್ಕೆ ಶುಗರ್ ಮಾತ್ರೆಗೆ ನನ್ ತಾವ ಬತ್ತಾರೆ. ನನ್ ರಿಜಿಸ್ಟರಲ್ಲಿ ಅಂತೋರ ಎಸ್ರು ವರ್ಸ ವರ್ಸ ಜಾಸ್ತಿ ಆಯ್ತಾ ಐತೆ."

"ಆಡಾದೆಲ್ಲಿ? ರಸ್ತೇಲಿ ಟಿಪ್ಪರ್ ಓಡಾಡ್ತವೆ."

"ಮೈದಾನದಲ್ಲಿ. ನಾನೇ ಖೋ ಖೋ ಆಡಿಸ್ತೀನಿ."

"ಮೈದಾನದಲ್ಲಿ ಜ್ವಾಳ ಐತೆ."

"ಯಾರ್ದು?"

ಮೈದಾನದ ಅರ್ಧ ಭಾಗದಲ್ಲಿ ಹರಡಿದ್ದದ್ದು ಅವರ ಮನೆಯ ನಾಲ್ಕು ಎಕರೆ ಜೋಳ.

ಮರುದಿನ ಸಂಜೆ ಶಾಂತಿ ದಿಲೀಪನನ್ನು ಮೈದಾನದಲ್ಲೇ ಹಿಡಿದಳು. ಅವನು ಜೋಳದ ಅಂಚಿನಲ್ಲಿ ಉಳಿದಿದ್ದ ಕಾಲುದಾರಿಯಲ್ಲಿ ತನ್ನ ಸೀಮೆಹಸುವನ್ನು ನಡೆಸುತ್ತಿದ್ದ. ಹಸುವಿನ ಹೆಸರು ರೋಜಾ. ಎಂಟು ತಿಂಗಳ ಗಬ್ಬ.

ಇದಕ್ಕೊಂದು ಹಿನ್ನೆಲೆಯಿದೆ. ಹಿಂದಿನ ಸಲ ರೋಜಾ ಗಬ್ಬವಾಗಿದ್ದಾಗ ದಿಲೀಪ್ ಅದನ್ನು ಸಿಮೆಂಟು ಕೊಟ್ಟಿಗೆಯಲ್ಲಿ ಕಟ್ಟಿಯೇ ಸಾಕಿದ. ಹುಲ್ಲು, ಹಿಂಡಿ, ಫೀಡು ಎಲ್ಲವೂ ಮೂತಿಯ ಮುಂದೆಯೇ ಬರುತ್ತಿತ್ತು. ಮೈ ತುಂಬಿಕೊಂಡಿತು, ಗೊರಸು ಕೆಟ್ಟಿತು. ಕರು ಹಾಕಲಾಗದೆ ಎರಡು ಗಂಟೆ ಒದ್ದಾಡಿತು. ಹಸುವನ್ನು ಉಳಿಸಿದ ಪಶುವೈದ್ಯರು ದಿಲೀಪನಿಗೆ ಚೆನ್ನಾಗಿ ಬೈದರು. ದಿನಕ್ಕೆ ಒಂದು ಗಂಟೆ ಬಿಚ್ಚಿ ನಡೆಸದಿದ್ದರೆ ಮುಂದಿನ ಸಲ ನನ್ನನ್ನು ಕರೆಯಬೇಡ ಎಂದರು. ಅಂದಿನಿಂದ ದಿಲೀಪ್ ಒಂದು ದಿನವೂ ತಪ್ಪಿಸಿಲ್ಲ.

"ಎಷ್ಟ್ ಸುತ್ತು ದಿಲೀಪಣ್ಣ?" ಎಂದು ಶಾಂತಿ ಕೇಳಿದಳು.

"ಹನ್ನೆರಡು. ಒಂದ್ ಗಂಟೆ ಆಯ್ತದೆ."

"ದಿನಾನೂವಾ?"

"ಮಳೆ ಬಂದ್ರೂ ಬಿಡಾಕಿಲ್ಲ. ಕಟ್ಟಾಕಿ ಮೇವು ಆಕುದ್ರೆ ಮೈ ಬತ್ತದೆ, ಕಸುವು ಬರಾಕಿಲ್ಲ ಅಂತ ಡಾಕ್ಟ್ರು ಯೋಳವ್ರೆ ಕಣಮ್ಮ."

"ದನದ್ ಡಾಕ್ಟ್ರು ಯೋಳಿದ್ದನ್ನ ಕೇಳ್ತೀಯ. ಮಗಳ್ ಡಾಕ್ಟ್ರು ಯೋಳಿದ್ದನ್ನ ಯಾಕ್ ಕೇಳಾಕಿಲ್ಲ?"

ದಿಲೀಪ್ ನಿಂತ. ಹಸುವೂ ನಿಂತಿತು.

"ಏನಮ್ಮ, ನನ್ ಮಗಳ್ನ ದನಕ್ಕೆ ಓಲಿಸ್ತೀಯಾ?"

"ಓಲಿಸ್ತಿಲ್ಲ ಕಣಣ್ಣ. ಹಸೀಗೆ ಮಾಡಿದಷ್ಟಾದ್ರೂ ಮಗೀಗೆ ಮಾಡು ಅಂತಿದೀನಿ. ಇದಕ್ಕೆ ದಿನಾ ಒಂದ್ ಗಂಟೆ ಬಯಲು. ಅದಕ್ಕೆ ಕುರ್ಚಿ, ಬೈಕು, ಪುಡಿ ಆಲು."

"ನಿನ್ ಕೆಲಸ ಬಿ.ಪಿ. ನೋಡಾದು. ಅದ್ನ ನೋಡ್ಕಂಡ್ ಓಗು," ಎಂದ ದಿಲೀಪ್. ಹಗ್ಗ ಎಳೆದುಕೊಂಡು ನಡೆದ.

ಶಾಂತಿ ಅವನ ಹಿಂದೆ ಹೋಗಲಿಲ್ಲ. ಎಲ್ಲಿ ಸಾಕು ಮಾಡಬೇಕು ಎಂದು ತಿಳಿಯುವುದು ಅವಳ ಕೆಲಸದಲ್ಲಿ ಅರ್ಧ.

ಆ ಭಾನುವಾರ ದಿಲೀಪ್ ಒಣಗಿದಷ್ಟು ಜೋಳವನ್ನು ಚೀಲಕ್ಕೆ ತುಂಬುತ್ತಿದ್ದ. ಕೈ ಬಿಡುವಿರಲಿಲ್ಲ. "ದೀಪು, ಇವತ್ತೊಂದಿನ ರೋಜಾನ ಸುತ್ತಾಡ್ಸು ಮಗ" ಎಂದು ಹಗ್ಗವನ್ನು ಮಗಳ ಕೈಗೆ ಕೊಟ್ಟ. ಅವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಮೊದಲ ಸುತ್ತು ಸರಿಯಾಗಿ ಹೋಯಿತು. ಎರಡನೆಯ ಸುತ್ತಿನಲ್ಲಿ ದೀಪಶ್ರೀ ಹಸುವಿನ ಹಿಂದೆ ಬಿದ್ದಳು. ಹಸು ಅವಳನ್ನು ಎಳೆಯುತ್ತಿತ್ತು. ಮೂರನೆಯ ಸುತ್ತಿನ ಅರ್ಧಕ್ಕೆ ಸೊಂಟ ಹಿಡಿದುಕೊಂಡು ನಿಂತಳು. ಹಗ್ಗ ಬಿಟ್ಟು ಅಲ್ಲೇ ಕುಳಿತಳು. ರೋಜಾ ಒಂದು ಗಳಿಗೆ ತಿರುಗಿ ನೋಡಿತು. ಆಮೇಲೆ ಹಗ್ಗ ಎಳೆದುಕೊಂಡು ತಾನೇ ನಡೆಯಿತು. ಸುತ್ತು ಅದಕ್ಕೆ ರೂಢಿಯಾಗಿತ್ತು.

ಕೋಳಿ ಓಡಿಸುತ್ತಿದ್ದ ಪಕ್ಕದ ಮನೆಯ ಮುದ್ದಮ್ಮ ಇದನ್ನು ನೋಡಿದರು. ಊರಿಗೆಲ್ಲ ಕೇಳುವ ಹಾಗೆ ಕೂಗಿದರು: "ಲೇ ದಿಲೀಪ, ನಿನ್ ಎಂಟ್ ತಿಂಗ್ಳ್ ಬಸ್ರಿ ಗೆದ್ಬುಟ್ಳು ಕಣ್ಲಾ!"

ಜೋಳ ತುಂಬುತ್ತಿದ್ದವರೆಲ್ಲ ನಕ್ಕರು. ದಿಲೀಪನಿಗೂ ನಗು ಬಂದಿತ್ತು. ಮಗಳ ಮುಖ ನೋಡಿದ ಮೇಲೆ ನಿಂತುಹೋಯಿತು.

ದೀಪಶ್ರೀ ಅಳಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದುಕೊಂಡು ಹೇಳಿದಳು: "ಅಪ್ಪ, ನಂಗೆ ಏನಾದ್ರೂ ಕಾಯಿಲೆ ಇದ್ದಿದ್ರೆ ಚೆನ್ನಾಗಿತ್ತು. ಕಾಯಿಲೆ ಅಂತಾದ್ರೂ ಹೇಳ್ಬೋದಿತ್ತು."

ಬೆಟ್ಟದ ಮೇಲೆ ಆದದ್ದನ್ನು ದಿಲೀಪ್ ಕಣ್ಣಾರೆ ನೋಡಿರಲಿಲ್ಲ. ಇದನ್ನು ನೋಡಿದ್ದ.

ಸೋಮವಾರ ಬೆಳಿಗ್ಗೆ ರೋಜಾಗೆ ಹುಲ್ಲು ಹಾಕಿ ನೇರವಾಗಿ ಶಾಂತಿಯ ಮನೆಗೆ ಹೋದ.

"ಎಷ್ಟ್ ಜಾಗ ಬೇಕು ಯೋಳು."

"ಉದ್ದ ಇಪ್ಪತ್ತೇಳು ಮೀಟ್ರು, ಅಗಲ ಹದಿನಾರು. ಸುತ್ತ ಓಡಾಡಾಕೆ ಮೂರ್ ಮೂರ್ ಮೀಟ್ರು."

"ಅದು ಪೂರ್ತಿ ನನ್ ಜ್ವಾಳಾನೇ ಬತ್ತದಲ್ಲ!"

"ಅದಕ್ಕೇ ನಿನ್ನನ್ನೇ ಮೊದಲು ಕೇಳಿದ್ದು."

ಜೋಳ ಎತ್ತುವುದು ಹೇಳಿದಷ್ಟು ಸುಲಭವಲ್ಲ. ಮನೆಯ ತಾರಸಿ ಚಿಕ್ಕದು. ತೆಳುವಾಗಿ ಹರಡಲು ಜಾಗ ಸಾಲದು, ಒಣಗಲು ಹತ್ತು ದಿನ ಹೆಚ್ಚು ಬೇಕು. ಅಷ್ಟರಲ್ಲಿ ಮೋಡ ಕಟ್ಟಿದರೆ ಕಾಳು ಬೂಷ್ಟು ಹಿಡಿಯುತ್ತದೆ. ದಿಲೀಪ್ ಮೈದಾನ ಬಿಟ್ಟುಕೊಟ್ಟ ಎಂದು ಊರಿನವರು ಹೇಳುತ್ತಾರೆ. ಸರಿಯೇ. ಆದರೆ ಮೂರು ದಿನ ಮಂಕರಿ ತಲೆಯ ಮೇಲೆ ಹೊತ್ತು ತಾರಸಿ ಹತ್ತಿ ಇಳಿದವಳು ಅವನ ಹೆಂಡತಿ ಜಯಶೀಲ. ಅವಳು ಈ ವಿಷಯದಲ್ಲಿ ಹೇಳಿದ್ದು ಒಂದೇ ಮಾತು. "ಮಗ ಓಡಂಗಾದ್ರೆ ಸಾಕು."

ಮುಖ್ಯೋಪಾಧ್ಯಾಯರ ಹೆಸರು ಚಂದ್ರಶೇಖರಯ್ಯ. ಶಾಂತಿಯ ಒತ್ತಾಯಕ್ಕೆ ಅವರು ಜೋಳ ಹಾಕಿದವರನ್ನೆಲ್ಲ ಶಾಲೆಗೆ ಕರೆದರು. ಸಭೆ ಅರ್ಧ ಗಂಟೆ ಜಗಳವಾಗಿ ನಡೆಯಿತು. ಆಮೇಲೆ ತಿಮ್ಮಪ್ಪ ಎನ್ನುವ ರೈತ ಎದ್ದು ನಿಂತು ಒಂದು ಉಪಾಯ ಹೇಳಿದ.

"ಆಡ್ಲಿ ಸಾ, ನಾವು ಬ್ಯಾಡ ಅನ್ನಾಕಿಲ್ಲ. ಆಡಾಕ್ ಬಂದಾಗ ಅಂಗೇ ಒಂದ್ ಅತ್ತು ನಿಮಿಷ ನಮ್ ಜ್ವಾಳಾನೂ ಕಾಲಲ್ಲಿ ಕೆದಕ್ಬುಡ್ಲಿ. ಅದೂ ವ್ಯಾಯಾಮಾನೇ ಅಲ್ವ್ರಾ? ಎಣ್ ಮಕ್ಳಿಗೆ ಕೆಲ್ಸಾನೂ ಕಲ್ತಂಗಾಯ್ತು."

ಒಣಗಲು ಹಾಕಿದ ಜೋಳದಲ್ಲಿ ಬರಿಗಾಲು ಎಳೆಯುತ್ತ ನಡೆದು ಕಾಳನ್ನು ಮಗುಚುವುದು ಇಲ್ಲಿನ ರೂಢಿ. ಉಪಾಯ ಎಲ್ಲರಿಗೂ ಹಿಡಿಸಿತು. ದಿಲೀಪನೂ ತಲೆಯಾಡಿಸಿದ.

"ಆಗಲ್ಲ," ಎಂದಳು ಶಾಂತಿ.

"ಯಾಕವ್ವ?"

"ಕೆಲಸ ಬೇರೆ, ಆಟ ಬೇರೆ ತಿಮ್ಮಪ್ಪಣ್ಣ. ಈ ಎಣ್ ಮಕ್ಳು ಮುಂದೆ ಐವತ್ತು ವರ್ಸ ಕೆಲಸ ಮಾಡೇ ಮಾಡ್ತವೆ, ಅದಕ್ಕೆ ನೀನು ಈಗ್ಲೇ ಬಿತ್ತನೆ ಮಾಡ್ಬ್ಯಾಡ. ಇದೊಂದು ಗಂಟೆ ಅವ್ರದ್ದು. ಇದ್ರಲ್ಲಿ ಯಾರಿಗೂ ಏನೂ ಲಾಭ ಇರ್ಬಾರ್ದು."

ಚಂದ್ರಶೇಖರಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. "ಗಣಿತದ ಮೇಷ್ಟ್ರು ನಾನೇ," ಎಂದರು. "ಆಟದ ಪೀರಿಯಡ್ ಕದ್ದವನೂ ನಾನೇ. ನಾಳೆಯಿಂದ ಅದನ್ನ ವಾಪಸ್ ಕೊಡ್ತೀನಿ. ಟ್ಯೂಷನ್ ಹೇಳಿಕೊಡುವವರಿಗೂ ಹೇಳ್ತೀನಿ, ಐದರ ಬದಲು ಆರಕ್ಕೆ ಇಟ್ಕೊಳ್ಳಲಿ. ಅಂಕಣದ ಗೆರೆಯೊಳಗೆ ಒಂದು ಕಾಳೂ ಬೇಡ. ಗೆರೆ ಹೊರಗೆ ನಿಮ್ಮಿಷ್ಟ."

ಎರಡು ನೀಲಗಿರಿ ಕಂಬ ನೆಟ್ಟರು. ಸುಣ್ಣದ ಗೆರೆ ಎಳೆದರು. ಮೊದಲ ದಿನ ನಾಲ್ಕು ಗಂಟೆಗೇ ಶಾಂತಿ ಕಡ್ಡಿಪೊರಕೆ ಹಿಡಿದು ಬಂದಳು. ಉಳಿದಿದ್ದ ಜೋಳದ ಕಾಳಿನ ಮೇಲೆ ಕಾಲಿಟ್ಟರೆ ಮಕ್ಕಳು ಜಾರುತ್ತಾರೆ. ಇಡೀ ಅಂಕಣವನ್ನು ಒಬ್ಬಳೇ ಗುಡಿಸಿದಳು. ಬೆಳಿಗ್ಗೆ ಆರು ಗಂಟೆಯಿಂದ ಹದಿನಾಲ್ಕು ಮನೆ ತಿರುಗಿ ಬಂದಿದ್ದ ಹೆಂಗಸು ಅವಳು. ಗುಡಿಸಿದ್ದಕ್ಕೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಮರುದಿನವೂ ಗುಡಿಸಿದಳು.

ಮೊದಲ ದಿನ ಹನ್ನೊಂದು ಮಕ್ಕಳು ಬಂದರು. ದೀಪಶ್ರೀ ಕಂಬದ ಹತ್ತಿರ ನಿಂತು, "ನಂಗೆ ಬರಲ್ಲ ಆಂಟಿ, ನಾನು ನೋಡ್ತೀನಿ" ಎಂದಳು.

"ನೋಡೋರಿಗೆ ಇಲ್ಲಿ ಜಾಗ ಇಲ್ಲ. ಬರಲ್ಲ ಅನ್ನೋರಿಗೇ ಇರಾದು. ಬಾ ಒಳೀಕೆ."

ಶಾಂತಿಯ ಆಟದಲ್ಲಿ ಆಯ್ಕೆ ಇರಲಿಲ್ಲ. ಚೆನ್ನಾಗಿ ಆಡುವ ಒಂಬತ್ತು ಮಂದಿಯನ್ನು ಹೆಕ್ಕಿ, ಉಳಿದವರನ್ನು ಚಪ್ಪಾಳೆ ತಟ್ಟಲು ಕೂರಿಸುವ ಪದ್ಧತಿ ಅವಳಿಗೆ ಇಷ್ಟವಿಲ್ಲ. ಬಂದವರೆಲ್ಲ ಆಡಬೇಕು. ಔಟಾದವರು ಕೂರುವಂತಿಲ್ಲ, ಗೆರೆಯ ಹೊರಗೆ ಒಂದು ಸುತ್ತು ನಡೆದು ಬಂದು ಮತ್ತೆ ಸೇರಬೇಕು. ಓಡಲಾಗದವರು ನಡೆಯಬೇಕು. ನಿಲ್ಲುವ ಹಾಗಿಲ್ಲ.

ದೀಪಶ್ರೀ ಮೊದಲ ದಿನ ಎಂಟು ಸೆಕೆಂಡಿಗೆ ಔಟಾದಳು. ಎರಡನೆಯ ದಿನ ಆರು ಸೆಕೆಂಡಿಗೆ. ಮೂರನೆಯ ದಿನ ಕಾಲು ನೋವು ಎಂದು ಬರಲಿಲ್ಲ. ಅವಳ ತರಗತಿಯ ಮಾನಸಾ ಮನೆಗೇ ಬಂದು ಕೂಗಿದಳು. "ಬಾರೆ, ನೀನಿಲ್ದಿದ್ರೆ ಮೊದಲು ಔಟಾಗೋಳು ನಾನೇ ಆಗೋಗ್ತೀನಿ!" ದೀಪಶ್ರೀ ನಗುತ್ತಲೇ ಎದ್ದು ಬಂದಳು. ಅವಳು ಗಟ್ಟಿಗಿತ್ತಿ. ಎಲ್ಲರೆದುರು ದಿನಾ ಮೊದಲು ಔಟಾಗಿ ಮರುದಿನವೂ ಬರುವುದು ಗೆಲ್ಲುವವರಿಗೆ ಬೇಕಾಗುವ ಧೈರ್ಯಕ್ಕಿಂತ ದೊಡ್ಡ ಧೈರ್ಯ.

ಒಂದು ತಿಂಗಳಿಗೆ ಹನ್ನೊಂದು ಮಕ್ಕಳು ಇಪ್ಪತ್ತಾರಾದರು. ಅಷ್ಟರಲ್ಲಿ ಕಾಮಾಕ್ಷಮ್ಮನ ತಾಳ್ಮೆ ಮುಗಿಯಿತು. ಒಂದು ಸಂಜೆ ಸೆರಗು ಸಿಕ್ಕಿಸಿಕೊಂಡು ಮೈದಾನಕ್ಕೇ ಬಂದರು.

"ಸಾಕ್ ನಡಿಯೇ ಮನೀಗೆ! ಮಂಡಿ ಎಲ್ಲಾ ತರಚ್ಕಂಡವ್ಳೆ. ಮಕ ಕಪ್ಪಿಟ್ಟೋಗೈತೆ. ನಾಳೆ ಇವ್ಳ ನೋಡಾಕೆ ಬರೋರು ಏನಂದಾರು?"

"ಈಗ್ಲೇ ಯಾರ್ ಬತ್ತಾರೆ ದೊಡ್ಡವ್ವ, ಹದಿಮೂರು ವರ್ಸದ ಮಗ!" ಎಂದಳು ಶಾಂತಿ. "ಬಂದ್ರೆ ಯೋಳಿ, ಪೊಲೀಸ್ ಕರ್ಸಾನ."

ಕಾಮಾಕ್ಷಮ್ಮ ದನಿ ತಗ್ಗಿಸಿದರು. "ಅದಲ್ಲ ಕಣೆ. ಮೈ ನೆರೆದಿರೋ ಮಗ. ತಿಂಗ್ಳ್ ತಿಂಗ್ಳೂ ಬರೋ ಆ ದಿನದಲ್ಲೂ ಓಡ್ತಾಳಲ್ಲ. ಒಳಗೆ ಏನಾರ ಎಚ್ಚುಕಮ್ಮಿ ಆದ್ರೆ?"

ಈ ಪ್ರಶ್ನೆಗೆ ಶಾಂತಿ ತಮಾಷೆ ಮಾಡಲಿಲ್ಲ. ಹತ್ತಿರ ಬಂದು ಹೇಳಿದಳು. "ಏನೂ ಆಗಾಕಿಲ್ಲ ದೊಡ್ಡವ್ವ. ಒಟ್ಟೆ ನೋವಿದ್ರೆ, ಸುಸ್ತಿದ್ರೆ ಆಡ್ದೆ ಇರ್ಲಿ. ಚೆನ್ನಾಗಿದ್ರೆ ಆಡ್ಲಿ. ಅದನ್ನ ಅವ್ಳೇ ಯೋಳ್ಬೇಕು, ನಾನೂ ಅಲ್ಲ ನೀವೂ ಅಲ್ಲ. ತುಂಬಾ ನೋವು, ತುಂಬಾ ರಕ್ತ ಓಗಾದು ಇದ್ರೆ ಆಸ್ಪತ್ರೆಗೆ ನಾನೇ ಕರ್ಕಂಡೋಗ್ತೀನಿ. ಆಟ ಆಡಿದ್ದಕ್ಕೆ ಯಾರಿಗೂ ಬಸಿರು ನಿಲ್ದಂಗಾಗಿಲ್ಲ. ನಾನು ಏಳು ವರ್ಸ ಆಡ್ದೋಳು, ಎರಡು ಮಕ್ಳ ಹೆತ್ತಿದೀನಿ."

ಕಾಮಾಕ್ಷಮ್ಮ ಯೋಚಿಸುತ್ತ ಗೆರೆಯಾಚೆಯ ಕಲ್ಲಿನ ಮೇಲೆ ಕುಳಿತರು. ಆಟ ಮುಗಿದ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಹೋಗುವುದು ಎಂದುಕೊಂಡರು.

ಅಂಕಣದಲ್ಲಿ ಎಂಟು ಮಕ್ಕಳು ಸಾಲಾಗಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಒಬ್ಬರು ಆ ಕಡೆ ಮುಖ, ಒಬ್ಬರು ಈ ಕಡೆ ಮುಖ. ಅಟ್ಟುತ್ತಿದ್ದವಳು ಮಾನಸಾ. ತಪ್ಪಿಸಿಕೊಳ್ಳುವ ಮೂವರಲ್ಲಿ ಇಬ್ಬರು ಆಗಲೇ ಔಟಾಗಿದ್ದರು. ಉಳಿದವಳು ದೀಪಶ್ರೀ. ಮಾನಸಾ ಹತ್ತಿರ ಬಂದಾಗ ದೀಪಶ್ರೀ ಸಾಲಿನ ನಡುವೆ ನುಗ್ಗಿ ಆಚೆ ಬದಿಗೆ ಬಂದಳು. ಮಾನಸಾ ಕುಳಿತಿದ್ದ ಒಬ್ಬಳ ಬೆನ್ನು ಮುಟ್ಟಿ "ಖೋ" ಎಂದಳು. ಹೊಸಬಳು ಎದ್ದು ಅಟ್ಟಿದಳು. ದೀಪಶ್ರೀ ಕಂಬವನ್ನು ಹಿಡಿದು ಗಿರಕಿ ಹೊಡೆದಳು. ಒಂದು ನಿಮಿಷವಾಯಿತು. ಮತ್ತೆ ಖೋ. ಮತ್ತೆ ಸಾಲಿನ ನಡುವೆ ಆಚೆಗೆ, ಈಚೆಗೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಎರಡು ನಿಮಿಷವಾಯಿತು.

"ಆ ಕಡೀಕೆ ಓಗು ಮಗ! ಆ ಕಡೀಕೆ! ಬೆನ್ನಿಂದೆ ಬಂದ್ಳು ನೋಡು!"

ಎಲ್ಲರೂ ತಿರುಗಿ ನೋಡಿದರು. ಕಾಮಾಕ್ಷಮ್ಮ ಕಲ್ಲಿನ ಮೇಲೆ ಎದ್ದು ನಿಂತಿದ್ದರು.

"ದೊಡ್ಡವ್ವ, ಹೊರಗ್ನಿಂದ ಯೋಳ್ಕೊಡಂಗಿಲ್ಲ!" ಎಂದು ಶಾಂತಿ ಕೂಗಿದಳು.

"ಸುಮ್ಕಿರೇ, ನನ್ ಮೊಮ್ಮಗಳು, ಯೋಳ್ತೀನಿ!"

ದೀಪಶ್ರೀ ಎರಡು ನಿಮಿಷ ನಲವತ್ತು ಸೆಕೆಂಡಿಗೆ ಔಟಾದಳು. ಕುಳಿತುಕೊಳ್ಳಲಿಲ್ಲ. ನಿಯಮದಂತೆ ಗೆರೆಯ ಹೊರಗೆ ಒಂದು ಸುತ್ತು ಹಾಕಿದಳು. ನಡೆಯಲಿಲ್ಲ, ಓಡಿದಳು.

ಕಾಮಾಕ್ಷಮ್ಮ ಆ ದಿನ ಮೊಮ್ಮಗಳನ್ನು ಮನೆಗೆ ಕರೆದುಕೊಂಡು ಹೋದರು ನಿಜ. ದಾರಿಯುದ್ದಕ್ಕೂ, ಎಡಕ್ಕೆ ಹೋಗಬೇಕಿತ್ತು, ಬಲಕ್ಕೆ ಯಾಕೆ ಹೋದೆ ಎಂದು ಬೈದುಕೊಂಡೇ ಹೋದರು.

ಇಲ್ಲಿ ಪವಾಡವೇನೂ ನಡೆದಿಲ್ಲ. ಹುಣಸೇಕೊಪ್ಪಲಿನ ತಂಡ ಇನ್ನೂ ತಾಲ್ಲೂಕು ಪಂದ್ಯಕ್ಕೆ ಹೋಗಿಲ್ಲ. ಮುಂದಿನ ವರ್ಷ ಹೋಗಬಹುದು, ಹೋಗಿ ಸೋಲಬಹುದು. ದಿಲೀಪನ ಜೋಳ ತಡವಾಗಿ ಒಣಗಿತು, ಎರಡು ಚೀಲಕ್ಕೆ ಬೂಷ್ಟು ಬಂತು. ದೀಪಶ್ರೀಗೆ ಈಗಲೂ ಮಾನಸಾಳಷ್ಟು ವೇಗವಿಲ್ಲ. ಆದರೆ ಅವಳು ಶಾಲೆಗೆ ನಡೆದು ಹೋಗುತ್ತಾಳೆ. ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಮಾಡುತ್ತಾಳೆ. ಅಂಕ ಕಡಿಮೆಯಾಗಿಲ್ಲ. ಆ ಪುಡಿಯ ಡಬ್ಬ ಖಾಲಿಯಾದ ಮೇಲೆ ದಿಲೀಪ್ ಇನ್ನೊಂದು ತಂದಿಲ್ಲ. ದೀಪಶ್ರೀ ಈಗ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆಯನ್ನೇ ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಾಳೆ.

ಜನವರಿಯಲ್ಲಿ ರಾಗಿ ಬಂತು. ಜೋಳದ ಮಾತು ಜೋಳಕ್ಕೆ ಮುಗಿಯಿತು, ರಾಗಿಗೆ ಅದು ಅನ್ವಯಿಸುವುದಿಲ್ಲ ಎಂದು ಊರಿನ ಕೆಲವರು ತಾವೇ ತೀರ್ಮಾನಿಸಿಕೊಂಡರು. ಒಂದು ಮಧ್ಯಾಹ್ನ ಮೂರು ಗಂಟೆಗೆ ಮುದ್ದಮ್ಮ ಮಗನ ಕೈಲಿ ಆರು ಚೀಲ ರಾಗಿ ಹೊರಿಸಿಕೊಂಡು ಬಂದು, ಅಂಕಣದ ಸುಣ್ಣದ ಗೆರೆಯೊಳಗೆ ಟಾರ್ಪಲ್ ಹಾಸಿದರು. ಶಾಂತಿ ಗೊರೂರಿಗೆ ತರಬೇತಿಗೆ ಹೋಗಿದ್ದಳು. ಮುಖ್ಯೋಪಾಧ್ಯಾಯರು ಪಾಠದಲ್ಲಿದ್ದರು.

ನೋಡಿದವರು ಕಾಮಾಕ್ಷಮ್ಮ.

"ಏಯ್ ಮುದ್ದಿ, ಎತ್ತು ಅದ್ನ. ಅದು ಮಕ್ಳ ಜಾಗ."

"ಇದೇನೇ ಇದು ಹೊಸ ನ್ಯಾಯ!" ಎಂದು ಮುದ್ದಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಎಂಟ್ ವರ್ಸ ನಿನ್ ಜ್ವಾಳ ಇಲ್ಲೇ ಬಿದ್ದಿತ್ತಲ್ಲ. ಆಗ ಇಲ್ದಿದ್ ಮಕ್ಳು ಈಗ ಎಲ್ಲಿಂದ ಬಂದ್ವೇ?"

ಕಾಮಾಕ್ಷಮ್ಮ ಬಗ್ಗಿ ಒಂದು ಚೀಲದ ಮೂಲೆ ಹಿಡಿದರು.

"ಆಗ್ಲೂ ಇದ್ವು ಕಣೆ. ನಾವೇ ಒಳೀಕೆ ಕೂಡಾಕಿದ್ವಿ. ಇಡ್ಕೊ ಆ ಮೂಲೆನ. ನಮ್ ತಾರಸಿ ಖಾಲಿ ಐತೆ, ಅಲ್ಲಿ ಆಕಾನ."

ನಾಲ್ಕೂವರೆಗೆ ಶಾಲೆಯ ಗಂಟೆ ಹೊಡೆಯಿತು. ಮೂವತ್ತನಾಲ್ಕು ಮಕ್ಕಳು ಬ್ಯಾಗು ಎಸೆದು ಗೆರೆಯೊಳಗೆ ಓಡಿ ಬಂದಾಗ ಇಬ್ಬರು ಮುದುಕಿಯರು ಕೊನೆಯ ಚೀಲವನ್ನು ಎಳೆದುಕೊಂಡು ಗೆರೆ ದಾಟುತ್ತಿದ್ದರು.

ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಒಂದು ನೇರ ಪ್ರಶ್ನೆ. ನಿಮ್ಮ ಮನೆಯ ಮಗು ಇವತ್ತು ಎಷ್ಟು ಹೊತ್ತು ಓಡಿತು? ಗೊತ್ತಿಲ್ಲವಾದರೆ ಈಗಲೇ ಮಗುವನ್ನು ಕರೆದು ಕೇಳಿ. ಒಂದು ಗಂಟೆಗಿಂತ ಕಡಿಮೆಯಾದರೆ, ಕಡಿಮೆ ಮಾಡಿದವರು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಡೆದು ಹೋಗುವಷ್ಟು ಹತ್ತಿರದ, ಸುರಕ್ಷಿತ ದಾರಿಯ ಶಾಲೆಗೆ ಬೈಕಿನಲ್ಲಿ ಬಿಡಬೇಡಿ. ಟ್ಯೂಷನ್ ಸಮಯವನ್ನು ಹಿಂದೆ ಮುಂದೆ ಮಾಡಿಸಬಹುದು, ಮಾಡಿಸಿ. ಖೋ ಖೋ ಗೊತ್ತಿಲ್ಲದಿದ್ದರೆ ಕುಂಟೆಬಿಲ್ಲೆ, ಹಗ್ಗದಾಟ, ಲಗೋರಿ, ಈಜು, ಸೈಕಲ್ಲು, ಯಾವುದಾದರೂ ಆದೀತು. ಉಬ್ಬಸವೋ ಹೃದಯದ ತೊಂದರೆಯೋ ಇರುವ ಮಗುವಾದರೆ ಮೊದಲು ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟು ಆಡಿಸಿ. ಹೆಣ್ಣುಮಗಳು ಎಂದು ನಿಲ್ಲಿಸಬೇಡಿ. ಚೆನ್ನಾಗಿ ಆಡಲು ಬರುವುದಿಲ್ಲ ಎಂದಂತೂ ನಿಲ್ಲಿಸಲೇಬೇಡಿ.

ನಿಮ್ಮೂರ ಶಾಲೆಯ ಮೈದಾನದಲ್ಲಿ ಇವತ್ತು ಏನು ಹರಡಿದೆ ಎಂದು ಹೋಗಿ ನೋಡಿ ಬನ್ನಿ. ಅದು ನಿಮ್ಮದೇ ಆಗಿದ್ದರೆ, ಬೇರೆಯವರು ಎತ್ತಲಿ ಎಂದು ಕಾಯಬೇಡಿ. ನೀವೇ ಮೊದಲು ಎತ್ತಿ. ಮಕ್ಕಳು ಬರುತ್ತಾರೆ.